ಅಗ್ಗದ ಚಿತ್ರಕ್ಕೆ ಬೆಲೆ ತೆತ್ತವರಾರು?

ಅಲ್ಪ ಬಂಡವಾಳದ ಚಲನಚಿತ್ರವೆಂದರೆ ಅದೊಂದು ಸಾಹಸಗಾಥೆಯೆಂದು ಕೊಂಡಾಡುವ ರೂಢಿ ಬೆಳೆದುಬಂದಿದೆ. ಇದನ್ನು ನಾನು ಒಪ್ಪಲಾರೆ. ಉಳಿತಾಯವಾದ ಖರ್ಚು ಎಷ್ಟೋ ವೇಳೆ ಮಾಯವಾಗಿರುವುದಿಲ್ಲ. ಬೇರೆ ಯಾರದೋ ಹೆಗಲಿಗೆ ವರ್ಗವಾಗಿರುತ್ತದೆ.

ಆಸ್ಟ್ರೇಲಿಯದ ಮಾರ್ಕ್ ಹಾರ್ಟ್ಲಿ 2010ರಲ್ಲಿ ಹೊರತಂದ ‘ಮಶೆಟಿ ಮೇಡನ್ಸ್ ಅನ್‌ಲೀಶ್ಡ್’ ಎಂಬ ಸಾಕ್ಷ್ಯಚಿತ್ರವನ್ನೇ ನೋಡಿ. 1970ರ ದಶಕದಲ್ಲಿ ಅಮೆರಿಕದ ನಿರ್ಮಾಪಕರು ಫಿಲಿಪ್ಪೀನ್ಸಿಗೆ ಹೋಗಿ ರಕ್ತ, ನಗ್ನತೆ, ಬಂದೂಕುಗಳನ್ನು ಬೆರೆಸಿ ಚಿತ್ರಗಳನ್ನು ತಯಾರಿಸಿದ ವೃತ್ತಾಂತ ಅದರಲ್ಲಿದೆ. ರೋಜರ್ ಕಾರ್ಮನ್ನರ ಸಂಸ್ಥೆಯಿಂದ ಬಂದ, ಜ್ಯಾಕ್ ಹಿಲ್ ನಿರ್ದೇಶಿಸಿದ ‘ದಿ ಬಿಗ್ ಡಾಲ್ ಹೌಸ್’ (1971) ಅಂಥವುಗಳಲ್ಲಿ ಹೆಸರಾದದ್ದು. ಸೆರೆಮನೆಯ ಹೆಂಗಸರ ಯಾತನೆಯೇ ಅದರ ಸರಕು. ಕಾಡು, ಕೂಲಿ, ಸಹಾಯಕರು ಎಲ್ಲವೂ ಅಲ್ಲಿ ಅಗ್ಗ. ಗಳಿಕೆ ಮಾತ್ರ ಅಮೆರಿಕದ ಡ್ರೈವ್-ಇನ್ ಚಿತ್ರಮಂದಿರಗಳಲ್ಲಿ.

ಸಾಕ್ಷ್ಯಚಿತ್ರ ಚುರುಕಾಗಿದೆ, ನಗಿಸುತ್ತದೆ. ನನ್ನ ತಕರಾರು ಆ ನಗೆಯ ಬಗೆಗೇ. ಅಲ್ಲಿ ಮನುಷ್ಯಜೀವವೂ ಅಗ್ಗ, ಫಿಲ್ಮೂ ಅಗ್ಗವಾಗಿತ್ತು ಎಂಬರ್ಥದ ಮಾತೊಂದು ಅದರಲ್ಲಿ ಬರುತ್ತದೆ. ಇಡೀ ಉದ್ಯಮದ ಲೆಕ್ಕಪತ್ರ ಆ ಒಂದು ಮಾತಿನಲ್ಲಿದೆ. ಅಂಥ ಮಾತಿನೆದುರು ಚಿತ್ರ ಇನ್ನಷ್ಟು ಹೊತ್ತು ನಿಲ್ಲಬೇಕಿತ್ತು. 1972ರಲ್ಲಿ ಫರ್ಡಿನಾಂಡ್ ಮಾರ್ಕೋಸ್ ಸೇನಾಶಾಸನ ಹೇರಿದ ನಾಡದು. ಅಂಥಲ್ಲಿ ಅಪಾಯದ ದೃಶ್ಯಕ್ಕೆ ಒಲ್ಲೆನೆನ್ನುವ ಧೈರ್ಯ ದಿನಗೂಲಿಯವನಿಗೆ ಎಲ್ಲಿಂದ ಬರಬೇಕು?

ಕಾರ್ಮನ್ನರ ಗರಡಿಯಲ್ಲಿ ದೊಡ್ಡ ನಿರ್ದೇಶಕರು ಪಳಗಿದರಲ್ಲವೇ, ಪ್ಯಾಮ್ ಗ್ರಿಯರ್‌ರಂಥ ಕಪ್ಪು ನಟಿ ಬೆಳಕಿಗೆ ಬಂದರಲ್ಲವೇ ಎಂದು ಕೇಳುವವರಿದ್ದಾರೆ. ನಿಜ, ಅಲ್ಲಗಳೆಯುವಂತಿಲ್ಲ. ಆದರೆ ಕೆಲವರಿಗೆ ದೊರೆತ ಅವಕಾಶ, ಹೆಸರಿಲ್ಲದ ಹಲವರ ಪಾಡಿಗೆ ಸಮಾಧಾನವಾಗದು.

ಹಣವಿಲ್ಲದಿದ್ದರೆ ಹೀಗಲ್ಲದೆ ಇನ್ನು ಹೇಗೆ ಎಂಬ ವಾದಕ್ಕೆ ಅದೇ ನಾಡಿನಲ್ಲಿ ಉತ್ತರವಿದೆ. ಲಿನೊ ಬ್ರೋಕಾ 1975ರಲ್ಲಿ ‘ಮೇನಿಲಾ ಇನ್ ದಿ ಕ್ಲಾಸ್ ಆಫ್ ಲೈಟ್’ ಮಾಡಿದಾಗ ಅವರ ಬಳಿ ಹಾಲಿವುಡ್ಡಿನ ಹಣವಿರಲಿಲ್ಲ. ಕಟ್ಟಡದ ಕೆಲಸಗಾರರ ಜೀವ ಎಷ್ಟು ಅಗ್ಗವೆಂಬುದನ್ನು ಆ ಚಿತ್ರ ಬಯಲಿಗೆಳೆಯಿತು. ಒಬ್ಬರು ಆ ಅಗ್ಗತನವನ್ನು ಬಳಸಿಕೊಂಡರು, ಇನ್ನೊಬ್ಬರು ಅದನ್ನೇ ಪ್ರಶ್ನಿಸಿದರು. ವ್ಯತ್ಯಾಸ ಬಂಡವಾಳದ್ದಲ್ಲ, ದೃಷ್ಟಿಯದು.

ಇದು ದೂರದೇಶದ ಹಳೆಯ ಕಥೆಯೆಂದು ನಾವು ಕೈತೊಳೆದುಕೊಳ್ಳುವಂತಿಲ್ಲ. 2016ರ ನವೆಂಬರ್ 7ರಂದು ತಿಪ್ಪಗೊಂಡನಹಳ್ಳಿ ಜಲಾಶಯದಲ್ಲಿ ‘ಮಾಸ್ತಿಗುಡಿ’ಯ ಚಿತ್ರೀಕರಣಕ್ಕಾಗಿ ಹೆಲಿಕಾಪ್ಟರಿನಿಂದ ಧುಮುಕಿದ ಇಬ್ಬರು ಖಳನಟರು ಮುಳುಗಿ ಸತ್ತರು. ಅವರ ಮೈಮೇಲೆ ಜೀವರಕ್ಷಕ ಜಾಕೆಟ್ಟುಗಳಿರಲಿಲ್ಲ. ಹೆಲಿಕಾಪ್ಟರಿಗೆ ಹಣವಿತ್ತೆಂಬುದನ್ನು ಮಾತ್ರ ಓದುಗರು ಮರೆಯಬಾರದು.

ಚಿತ್ರರಂಗದ ಇತಿಹಾಸ ಬರೆಯುವವರಲ್ಲಿ, ಸಾಕ್ಷ್ಯಚಿತ್ರ ತೆಗೆಯುವವರಲ್ಲಿ ನನ್ನ ಬಿನ್ನಹವಿಷ್ಟೆ: ನಿರ್ಮಾಪಕನ ಜಾಣ್ಮೆಯನ್ನು ಹೊಗಳುವ ಮುನ್ನ, ಬಿದ್ದವನನ್ನು ಎತ್ತಿದವರಾರೆಂದು ವಿಚಾರಿಸಿ. ಪ್ರಾಣವನ್ನು ಒತ್ತೆಯಿಟ್ಟು ಮಾಡಿದ ಉಳಿತಾಯಕ್ಕೆ ಕಲೆಯೆಂಬ ಹೆಸರು ಸಲ್ಲದು.