ಹಿಮಕ್ಕೂ ಸಾಯದ್ದು, ಸುಣ್ಣಕ್ಕೂ ಸಾಯದ್ದು

ಸಾಣಾಪುರದಲ್ಲಿ ನೀರು ಹೆಪ್ಪುಗಟ್ಟುವುದು ಫ್ರಿಜ್ಜಿನೊಳಗೆ ಮಾತ್ರ. ಕೆರೆಯ ಸುತ್ತಲಿನ ಬಂಡೆಗಳು ಡಿಸೆಂಬರಿನಲ್ಲೂ ಮಧ್ಯಾಹ್ನಕ್ಕೆ ಕಾಯುತ್ತವೆ. ಹೀಗಿರುವಾಗ ಹಿಮದಲ್ಲಿ ಆಂಥ್ರಾಕ್ಸ್ ಬೀಜಾಣುಗಳನ್ನು ಕೊಲ್ಲುವ ಕಷ್ಟ ನಮಗೇಕೆ ಎಂದು ನೀವು ಕೇಳಬಹುದು. ನಮ್ಮಲ್ಲಿ ಎರಡು ಗಟ್ಟಿ ನಂಬಿಕೆಗಳಿವೆ: ತಣ್ಣಗಿಟ್ಟರೆ ರೋಗಾಣು ಸಾಯುತ್ತದೆ, ಸುಣ್ಣ ಚೆಲ್ಲಿದರೆ ನೆಲ ಶುದ್ಧವಾಗುತ್ತದೆ. ನನ್ನ ಜಗಳ ಇವೆರಡರ ಜೊತೆ.

2016ರಲ್ಲಿ ಸೈಬೀರಿಯಾದ ಯಮಾಲ್ ಪ್ರದೇಶದಲ್ಲಿ ಬಿಸಿಗಾಳಿಗೆ ಹೆಪ್ಪುನೆಲ ಕರಗಿತು. ಆಂಥ್ರಾಕ್ಸ್‌ಗೆ 2,000ಕ್ಕೂ ಹೆಚ್ಚು ಹಿಮಸಾರಂಗಗಳು ಸತ್ತವು, 12 ವರ್ಷದ ಒಬ್ಬ ಹುಡುಗನೂ ಸತ್ತ. ಹಳೆಯ ಕಳೇಬರಗಳ ಬೀಜಾಣುಗಳೇ ಎದ್ದು ಬಂದವು ಎಂಬುದು ಬಹುಪಾಲು ತಜ್ಞರ ಅಭಿಪ್ರಾಯ. ಅಂದರೆ ಚಳಿ ಅವನ್ನು ಕೊಂದಿರಲಿಲ್ಲ, ಜೋಪಾನವಾಗಿ ಕಾದಿಟ್ಟಿತ್ತು. ಅಲ್ಲಿ ಹಿಮಸಾರಂಗಗಳಿಗೆ ಲಸಿಕೆ ಹಾಕುವುದನ್ನು 2007ರಲ್ಲೇ ನಿಲ್ಲಿಸಿದ್ದರು ಎಂಬುದನ್ನೂ ನೆನಪಿಡಿ.

ಹಿಮದಲ್ಲಿ ಕೊಲ್ಲಹೊರಟವರ ಪಾಡು ನೋಡಿ. ಬ್ಲೀಚಿಂಗ್ ದ್ರಾವಣವೇ ಗಡ್ಡೆಕಟ್ಟುತ್ತದೆ. ಉಪ್ಪು ಬೆರೆಸಿ ದ್ರವವಾಗಿ ಉಳಿಸಿಕೊಂಡರೂ ಚಳಿಗೆ ರಾಸಾಯನಿಕ ಕ್ರಿಯೆ ಮಂದ. ಬೀಜಾಣುವಿಗೆ ಮೇವು ಕೊಟ್ಟು ಮೊಳೆಯಿಸಿ, ಮೆತ್ತಗಾದಾಗ ಹೊಡೆಯುವ ಜಾಣ ಉಪಾಯವೊಂದಿದೆ. ಆದರೆ ಮೊಳೆಯಲು ಬೆಚ್ಚಗಿರಬೇಕಲ್ಲ! ಹಿಮವಿಲ್ಲದ ಕಡೆಯೂ ಅದು ಸುಲಭವಲ್ಲ. ಸ್ಕಾಟ್ಲೆಂಡಿನ ಗ್ರುಯಿನಾರ್ಡ್ ಎಂಬ ಪುಟ್ಟ ದ್ವೀಪದಲ್ಲಿ 1942ರಲ್ಲಿ ಕುರಿಗಳನ್ನು ಕಟ್ಟಿಹಾಕಿ ಆಂಥ್ರಾಕ್ಸ್ ಬಾಂಬಿನ ಪರೀಕ್ಷೆ ಮಾಡಿದರು. ಅದನ್ನು ತೊಳೆಯಲು 1986ರಲ್ಲಿ 280 ಟನ್ ಫಾರ್ಮಾಲ್ಡಿಹೈಡ್ ಬೇಕಾಯಿತು. ಸುರಕ್ಷಿತ ಎಂದು ಘೋಷಿಸಿದ್ದು 1990ರಲ್ಲಿ.

ಆ ದ್ವೀಪಕ್ಕೆ ಸರ್ಕಾರವಿತ್ತು. ನಮ್ಮ ಕುರಿಗಾರನಿಗೆ?

ಕರ್ನಾಟಕಕ್ಕೆ ನೆರಡಿ ರೋಗ ಹೊಸದಲ್ಲ. ಕೊಪ್ಪಳ ಸೀಮೆಯ ಮಂದೆಗಳು ಊರೂರು ಅಲೆಯುತ್ತವೆ, ಸುಗ್ಗಿಯಾದ ಗದ್ದೆಗಳಲ್ಲಿ ರಾತ್ರಿ ತಂಗುತ್ತವೆ. ದಿಢೀರನೆ ಒಂದು ಕುರಿ ಸತ್ತು, ಮೂಗಿನಿಂದ ಕಪ್ಪು ರಕ್ತ ಸೋರಿದರೆ ಅದನ್ನು ಕೊಯ್ಯಲೇಬಾರದು. ಕೊಯ್ಯದ ಕಳೇಬರದೊಳಗೆ ಕೊಳೆಯುವಿಕೆಯಿಂದಲೇ ಬ್ಯಾಕ್ಟೀರಿಯಾ ಕೆಲವು ದಿನಗಳಲ್ಲಿ ಸಾಯುತ್ತದೆ. ಚಾಕು ತಗುಲಿ ಗಾಳಿಯಾಡಿದರೆ ಬೀಜಾಣುವಾಗಿ ದಶಕಗಟ್ಟಲೆ ಮಣ್ಣಿನಲ್ಲಿ ಕೂರುತ್ತದೆ. ಸುಡುವುದು ಉತ್ತಮ, ಇಲ್ಲವೇ ಆಳದ ಗುಂಡಿ. ಸುಣ್ಣ ಬೇಡ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆಯ 2008ರ ಮಾರ್ಗಸೂಚಿ. ಅದರ ಕ್ಯಾಲ್ಸಿಯಂ ಬೀಜಾಣುವಿಗೆ ನೆರವಾಗಬಹುದಂತೆ. ನಾವು ಮಾತ್ರ ಬಿಳಿ ಪುಡಿ ಉದುರಿಸಿ ಫೋಟೋ ತೆಗೆಸಿಕೊಳ್ಳುತ್ತೇವೆ.

ಸತ್ತ ಕುರಿಯನ್ನು ಹಂಚಿಕೊಂಡು ತಿನ್ನುವವರನ್ನು ಪೇಟೆಯಲ್ಲಿ ಕೂತು ಅಜ್ಞಾನಿಗಳೆಂದು ಬೈಯುವವರ ಮೇಲೆ ನನಗೆ ಸಿಟ್ಟು. ಸಾವಿರಾರು ರೂಪಾಯಿಯ ಜೀವವನ್ನು ಸುಮ್ಮನೆ ಸುಟ್ಟುಬಿಡು ಎನ್ನುವುದು ಸುಲಭ. ಸತ್ತ ಕುರಿಗೆ ಪರಿಹಾರ ಕೊಡುವ ಅನುಗ್ರಹ ಯೋಜನೆ ಇದೆ ನಿಜ, ಆದರೆ ಅದಕ್ಕೆ ಪಶುವೈದ್ಯರ ದೃಢೀಕರಣ ಬೇಕು. ಬಯಲಿನಲ್ಲಿ ಅಲೆಯುವವನ ಬಳಿಗೆ ವೈದ್ಯರು ಬರುವಷ್ಟರಲ್ಲಿ ನಾಯಿ, ಹದ್ದುಗಳು ಕೊಯ್ಯುವ ಕೆಲಸ ಮುಗಿಸಿರುತ್ತವೆ. ಕಿವಿಯ ಒಂದು ಹನಿ ರಕ್ತ ಗಾಜಿನ ಮೇಲೆ ಸವರಿದರೆ ರೋಗ ಪತ್ತೆಯಾಗುತ್ತದೆ. ಆ ಗಾಜು ಮಂದೆಯಿರುವಲ್ಲಿಗೆ ಹೋಗಬೇಕು. ಲಸಿಕೆ ಬೆಂಗಳೂರಿನ ಹೆಬ್ಬಾಳದಲ್ಲೇ ತಯಾರಾಗುತ್ತದೆ, ವರ್ಷಕ್ಕೊಮ್ಮೆ ಹಾಕಿದರೆ ಸಾಕು. ಲಸಿಕೆಯ ದಿನ ಊರಿನಲ್ಲಿಲ್ಲದ ಮಂದೆಯನ್ನು ಹುಡುಕಿಕೊಂಡು ಹೋಗುವವರು ಯಾರು, ಅದನ್ನು ಮೊದಲು ಹೇಳಿ.