ಮೋಲಿ ಮೀನು ಕೆರೆಗೆ ಬೇಡ

ನಮ್ಮ ಮನೆಯ ಗಾಜಿನ ತೊಟ್ಟಿಯಲ್ಲಿ ಮೋಲಿ ಮೀನುಗಳಿವೆ. ಇವು ಮೆಕ್ಸಿಕೋ ಕಡೆಯವು. ನಮ್ಮ ಬೋರ್‌ವೆಲ್ ನೀರು ಗಡಸು, ಬೇಳೆ ಬೇಯಲ್ಲ ಅಂತ ಅಮ್ಮ ಬೈತಾರೆ. ಮೋಲಿಗೆ ಮಾತ್ರ ಗಡಸು ನೀರೇ ಇಷ್ಟ! ಇದು ಮೊಟ್ಟೆ ಇಡುವುದಿಲ್ಲ, ಮರಿಯನ್ನೇ ಹಾಕುತ್ತದೆ. ಹೆಚ್ಚುಕಡಿಮೆ ತಿಂಗಳಿಗೊಮ್ಮೆ, ಸಲಕ್ಕೆ ಇಪ್ಪತ್ತು ಮೂವತ್ತು. ಒಮ್ಮೆ ಗಂಡಿನ ಜೊತೆ ಇದ್ದ ಹೆಣ್ಣು ಆಮೇಲೆ ಒಂಟಿಯಾಗಿದ್ದರೂ ಕೆಲವು ತಿಂಗಳು ಮರಿ ಹಾಕುತ್ತಲೇ ಇರುತ್ತದೆ. ತೊಟ್ಟಿ ತುಂಬಿಹೋಗುತ್ತೆ. ಆಗ ಎಲ್ಲರೂ ಹೇಳೋದು ಒಂದೇ: “ಕೆರೆಗೆ ಬಿಟ್ಬಿಡು, ಪುಣ್ಯ ಬರುತ್ತೆ.”

ಇದು ತಪ್ಪು ಎಂದು ನನ್ನ ಅಭಿಪ್ರಾಯ. ಜಿಲೇಬಿ ಮೀನನ್ನೇ ನೋಡಿ. ಅದು ಆಫ್ರಿಕಾದ್ದು, 1952ರಲ್ಲಿ ಭಾರತಕ್ಕೆ ತಂದರು. ಈಗ ನಮ್ಮೂರ ಕೆರೆಗೆ ಬಲೆ ಹಾಕಿದರೆ ಮೊದಲು ಬೀಳೋದೇ ಅದು. ವಾಪಸ್ ಕಳಿಸೋರು ಯಾರು? ನಮ್ಮ ಶಿಡ್ಲಘಟ್ಟ, ಚಿಂತಾಮಣಿ ಕಡೆ ಕೆರೆಗಳು ಸರಪಳಿ ಇದ್ದ ಹಾಗೆ. ಮೇಲಿನ ಕೆರೆ ಕೋಡಿ ಹೋದರೆ ನೀರು ಕೆಳಗಿನ ಕೆರೆಗೆ. ನೀರಿನ ಜೊತೆ ಮರಿಯೂ ಹೋಗುತ್ತೆ. ಮೋಲಿ ಉಪ್ಪುನೀರಲ್ಲೂ ಬದುಕುವ ಗಟ್ಟಿ ಜೀವ. ಪಾಚಿ, ಹುಳ ಎಲ್ಲಾ ಅದೇ ತಿಂದರೆ ನಮ್ಮ ಕೆರೆಯ ಸಣ್ಣ ಮೀನುಗಳು ಏನು ತಿನ್ನಬೇಕು? “ಸೊಳ್ಳೆಮರಿ ತಿನ್ನುತ್ತಲ್ಲ” ಅಂತಾನೆ ನಮ್ಮಣ್ಣ. ತಿನ್ನಲಿ, ಮನೆ ತೊಟ್ಟಿಯಲ್ಲಿ ತಿನ್ನಲಿ.

ಸಾಕುವವರು ಬರೀ ಗಂಡು ಮೀನು ಸಾಕಿ. ಹೊಟ್ಟೆ ಕೆಳಗಿನ ಹಿಂದಿನ ರೆಕ್ಕೆ ಕಡ್ಡಿಯಂತೆ ಚೂಪಾಗಿದ್ದರೆ ಗಂಡು, ಬೀಸಣಿಗೆಯಂತಿದ್ದರೆ ಹೆಣ್ಣು. ಮರಿ ಬೇಕಾದವರು ನನ್ನನ್ನು ಕೇಳಿ, ಕೊಡುತ್ತೇನೆ. ಬಾಟಲಿ ಮಾತ್ರ ನೀವೇ ತನ್ನಿ.

— 7ನೇ ತರಗತಿ ವಿದ್ಯಾರ್ಥಿನಿ