ರೆಪ್ಪೆ ಕೊಯ್ಸಿಕೊಂಡು ರಾತ್ರಿ ಬಸ್ಸೇ?

ಕಣ್ಣುರೆಪ್ಪೆಯ ಸೌಂದರ್ಯ ಶಸ್ತ್ರಚಿಕಿತ್ಸೆ ಬೆಳಿಗ್ಗೆ ಹೋಗಿ ಸಂಜೆ ಮನೆ ಸೇರುವಷ್ಟು ಸಲೀಸು ಎಂಬ ಲೇಖನವೊಂದರ ಮಾತು ಬೆಂಗಳೂರಿನವರಿಗೆ ಒಪ್ಪಬಹುದು, ಅಲ್ಲಿಗೆ ಬಂದು ಹೋಗುವ ಹನೂರು, ಯಳಂದೂರಿನವರಿಗಲ್ಲ. ಅಪರೂಪಕ್ಕೆ ಕಣ್ಣುಗುಡ್ಡೆಯ ಹಿಂದೆ ರಕ್ತ ಸೋರಿ ದೃಷ್ಟಿನರ ಒತ್ತಿಹೋಗುತ್ತದೆ, ಹೆಚ್ಚಾಗಿ ಮೊದಲ 24 ಗಂಟೆಯೊಳಗೆ. ಒಂದೂವರೆ-ಎರಡು ಗಂಟೆಯಲ್ಲಿ ಒತ್ತಡ ಇಳಿಸದಿದ್ದರೆ ಕಣ್ಣೇ ಹೋಗಬಹುದು. ಆ ಹೊತ್ತಿಗೆ ರೋಗಿ ಮಳವಳ್ಳಿ ದಾಟಿದ ಕೊಳ್ಳೇಗಾಲದ ಬಸ್ಸಿನಲ್ಲಿ, ಊದಿದ ರೆಪ್ಪೆಯ ನೋವಿಗೆ ಮಾತ್ರೆ ನುಂಗುತ್ತ ಕೂತಿರುತ್ತಾರೆ. ಅಪರೂಪದ್ದಕ್ಕೆ ಇಷ್ಟು ಹೆದರಿಸಬೇಕೇ ಎನ್ನುವವರಿದ್ದಾರೆ. ಆದರೆ ಇದು ಚೆಂದಕ್ಕೆ ಮಾಡಿಸಿಕೊಳ್ಳುವ ಕೆಲಸ; ಆಸ್ಪತ್ರೆಯ ಹತ್ತಿರ ಒಂದು ರಾತ್ರಿ ತಂಗುವ ಲಾಡ್ಜ್ ಬಾಡಿಗೆ ಅದರ ಖರ್ಚಿನ ಮುಂದೆ ಏನೂ ಅಲ್ಲ. ಆ ಲೇಖನ ಹೇಳದೆ ಬಿಟ್ಟ ಇನ್ನೊಂದು ಮಾತಿದೆ: ಸ್ನಾಯು ಸಡಿಲಾಗಿ ರೆಪ್ಪೆ ಜೋತಿದ್ದರೆ ಬರೀ ಚರ್ಮ ಕತ್ತರಿಸಿ ಫಲವಿಲ್ಲ. ಕಣ್ಣು ಒಣಗುವವರು, ಹೃದಯಕ್ಕೆಂದು ಆಸ್ಪಿರಿನ್ ನುಂಗುವವರು ವೈದ್ಯರಿಗೆ ಮೊದಲೇ ಹೇಳಬೇಕು; ಮಾತ್ರೆಯನ್ನು ತಾವಾಗಿಯೇ ನಿಲ್ಲಿಸಲೂಬಾರದು.